ಸಾಬೀತುಪಡಿಸಬೇಕಾದವರು ಯಾರು?

1924ರ ಅಕ್ಟೋಬರ್ 30ರಂದು ನ್ಯೂಯಾರ್ಕಿನಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್ ಪತ್ರಕರ್ತರನ್ನು ಕರೆಸಿ, ಅವರ ಕಣ್ಣೆದುರೇ ಒಂದು ದ್ರವದಲ್ಲಿ ಕೈ ತೊಳೆದುಕೊಂಡರು. ಆಮೇಲೆ ಅದರ ಬಾಟಲಿಯನ್ನು ಮೂಗಿನ ಬಳಿ ಹಿಡಿದು ಒಂದು ನಿಮಿಷದ ಹೊತ್ತು ಆವಿಯನ್ನು ಎಳೆದುಕೊಂಡರು. ದ್ರವದ ಹೆಸರು ಟೆಟ್ರಾಈಥೈಲ್ ಲೆಡ್. ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದನ್ನು ನಿಲ್ಲಿಸುವ ಸೀಸದ ಸಂಯುಕ್ತ ಅದು. ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಕೆಲವೇ ದಿನಗಳ ಹಿಂದೆ ಕಾರ್ಮಿಕರಿಗೆ ಭ್ರಮೆ ಹಿಡಿದಿತ್ತು, ಐವರು ಸತ್ತಿದ್ದರು. ಪತ್ರಿಕೆಗಳು ಅದನ್ನು ಹುಚ್ಚು ಹಿಡಿಸುವ ಅನಿಲ ಎಂದು ಕರೆಯತೊಡಗಿದ್ದವು. ಹಾಗಾಗಿ ಈ ಪ್ರದರ್ಶನ. ಆದರೆ ಹಿಂದಿನ ವರ್ಷವಷ್ಟೇ ಸೀಸದ ವಿಷವೇರಿ ಮಿಜ್ಲಿ ಸ್ವತಃ ಕೆಲಸಕ್ಕೆ ರಜೆ ಹಾಕಿ ಸುಧಾರಿಸಿಕೊಂಡು ಬಂದಿದ್ದರು. ಅದನ್ನು ಅಂದು ಅವರು ಹೇಳಲಿಲ್ಲ.

ಈ ಕತೆಯನ್ನು ಸಾಮಾನ್ಯವಾಗಿ ಒಂದು ಕಂಪನಿಯ ಸುಳ್ಳಿನ ಕತೆಯಾಗಿ ಹೇಳುತ್ತಾರೆ. ಸುಳ್ಳು ಇದ್ದದ್ದು ನಿಜ. ಆದರೆ ಮುಂದಿನ ಅರ್ಧ ಶತಮಾನ ಜಗತ್ತಿನ ಗಾಳಿಗೆ ಸೀಸ ಸುರಿದದ್ದು ಆ ಒಂದು ನಿಮಿಷದ ನಾಟಕದ ಬಲದಿಂದಲ್ಲ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಏಳು ತಿಂಗಳ ನಂತರ ವಾಷಿಂಗ್ಟನ್ನಿನಲ್ಲಿ ನಡೆದ, ಬಹಳ ಸಭ್ಯವಾದ, ಎಲ್ಲರೂ ವಿಜ್ಞಾನದ ಹೆಸರಿನಲ್ಲೇ ಮಾತನಾಡಿದ ಒಂದು ಸಭೆ.

1925ರ ಮೇ 20ರಂದು ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಕರೆದ ಆ ಸಭೆಯಲ್ಲಿ ಉದ್ಯಮದವರಿದ್ದರು, ವೈದ್ಯರಿದ್ದರು, ಕಾರ್ಮಿಕರ ಪ್ರತಿನಿಧಿಗಳಿದ್ದರು. ಯೇಲ್‌ನ ಶರೀರಶಾಸ್ತ್ರಜ್ಞ ಯಾಂಡೆಲ್ ಹೆಂಡರ್ಸನ್, ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರ ವಾದ ಇಷ್ಟು: ಸೀಸ ವಿಷವೆಂಬುದು ಶತಮಾನಗಳಿಂದ ಗೊತ್ತಿರುವ ವಿಚಾರ, ಅದನ್ನು ಪ್ರತಿ ರಸ್ತೆಯಲ್ಲೂ ಪುಡಿ ಮಾಡಿ ಹರಡುವ ಮೊದಲು ಅದು ನಿರಪಾಯವೆಂದು ನೀವು ತೋರಿಸಿ. ಉದ್ಯಮದ ವಾದವೂ ಅಷ್ಟೇ ಸರಳವಾಗಿತ್ತು. ಕಾರ್ಖಾನೆಯೊಳಗಿನ ಅಪಘಾತ ಬೇರೆ, ರಸ್ತೆಯ ಹೊಗೆ ಬೇರೆ. ಆ ಹೊಗೆಯಿಂದ ಯಾರಾದರೂ ಕಾಯಿಲೆ ಬಿದ್ದದ್ದನ್ನು ತೋರಿಸಿ, ನಿಲ್ಲಿಸುತ್ತೇವೆ. ತಜ್ಞರ ಸಮಿತಿಯೊಂದು ನೇಮಕವಾಯಿತು. ಅದು 252 ಚಾಲಕರು, ಗ್ಯಾರೇಜ್ ಕೆಲಸಗಾರರು ಮುಂತಾದವರನ್ನು ಪರೀಕ್ಷಿಸಿ, 1926ರ ಜನವರಿಯಲ್ಲಿ ವರದಿ ಕೊಟ್ಟಿತು: ಸದ್ಯಕ್ಕೆ ನಿಷೇಧಿಸಲು ಸಾಕಷ್ಟು ಆಧಾರವಿಲ್ಲ, ಅಧ್ಯಯನ ಮುಂದುವರಿಯಬೇಕು. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಕೆಲವೇ ತಿಂಗಳುಗಳ ಅಧ್ಯಯನದಲ್ಲಿ ದಶಕಗಳಲ್ಲಿ ಮೈಗೇರುವ ವಿಷದ ಲಕ್ಷಣ ಕಾಣದಿರುವುದು ಸಹಜವೇ. ಮುಂದುವರಿಯಬೇಕಾದ ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ಎಂದರೆ ಅದೇ ಉದ್ಯಮದವರು. ಬೇಲಿಗೆ ಹೊಲ ಒಪ್ಪಿಸಿದ ಹಾಗಾಯಿತು.

ತಂತ್ರಜ್ಞಾನ, ವಿಜ್ಞಾನ, ಸಾರ್ವಜನಿಕ ನೀತಿಯ ಬಗ್ಗೆ ಇವತ್ತು ನಡೆಯುವ ಜಗಳಗಳನ್ನು ನೋಡಿದಾಗಲೆಲ್ಲ ನನಗೆ ಈ ಸಭೆ ನೆನಪಾಗುತ್ತದೆ. ಅಣುವಿದ್ಯುತ್ ಇರಲಿ, ಕುಲಾಂತರಿ ಬೆಳೆ ಇರಲಿ, ಲಸಿಕೆ ಇರಲಿ, ಕೃತಕ ಬುದ್ಧಿಮತ್ತೆ ಇರಲಿ, ಎರಡೂ ಕಡೆಯವರು ಪುರಾವೆ ಪುರಾವೆ ಎಂದು ಕೂಗುತ್ತಾರೆ. ಒಬ್ಬರು ಅಧ್ಯಯನವೊಂದನ್ನು ಮುಂದಿಟ್ಟರೆ ಇನ್ನೊಬ್ಬರು ಅದರಲ್ಲಿ ಹುಳುಕು ಹುಡುಕಿ ತಮ್ಮದೊಂದನ್ನು ಎಸೆಯುತ್ತಾರೆ. ನೋಡುವವರಿಗೆ ಇದು ಪುರಾವೆಗಳ ಕಾಳಗದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಜಗಳ ಇರುವುದು ಇನ್ನೊಂದು ಕಡೆ ಎಂದು ತಿಳಿಯುತ್ತದೆ. ಪುರಾವೆ ತರಬೇಕಾದವರು ಯಾರು? ಅದು ಬರುವವರೆಗೆ ಅಪಾಯವನ್ನು ಹೊತ್ತುಕೊಂಡು ಕಾಯಬೇಕಾದವರು ಯಾರು? ಈ ಎರಡು ಪ್ರಶ್ನೆಗಳಿಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಆದರೂ ಬಹುಪಾಲು ಜಗಳಗಳು ಇವನ್ನು ಬಾಯಿಬಿಟ್ಟು ಕೇಳದೆಯೇ ಮುಗಿಯುತ್ತವೆ, ಅಥವಾ ಮುಗಿಯುವುದೇ ಇಲ್ಲ.

ಉದ್ಯಮದ ಹಣದಲ್ಲಿ ಸೀಸವನ್ನು ಅಧ್ಯಯನ ಮಾಡಿದವರು ಸಿನ್ಸಿನಾಟಿಯ ವೈದ್ಯ ರಾಬರ್ಟ್ ಕೀಹೋ. ಅವರನ್ನು ಮೋಸಗಾರನೆಂದು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಹತ್ತಾರು ವರ್ಷ ಅಳತೆ ಮಾಡಿದರು, ಕಾರ್ಖಾನೆಗಳಲ್ಲಿ ಸುರಕ್ಷತೆಯನ್ನು ನಿಜವಾಗಿಯೂ ಹೆಚ್ಚಿಸಿದರು. ಅವರ ನಿಯಮ ಒಂದೇ: ಹಾನಿಯಾಗಿದೆ ಎಂದು ಅಂಕಿ ಅಂಶ ತೋರಿಸಿ, ಒಪ್ಪುತ್ತೇನೆ. ಸೀಸದೊಂದಿಗೆ ಕೆಲಸ ಮಾಡುವವರನ್ನು ಮಾಡದವರೊಂದಿಗೆ ಹೋಲಿಸಿ ನೋಡಿದಾಗ, ಮಾಡದವರ ಮೈಯಲ್ಲೂ ಸೀಸ ಕಂಡಿತು. ಅಂದಮೇಲೆ ಮನುಷ್ಯನ ದೇಹದಲ್ಲಿ ಸ್ವಲ್ಪ ಸೀಸ ಇರುವುದು ಸಹಜ, ಒಂದು ಮಟ್ಟದವರೆಗೆ ಅದರಿಂದ ತೊಂದರೆಯಿಲ್ಲ ಎಂಬ ತೀರ್ಮಾನಕ್ಕೆ ಬಂದರು. ತರ್ಕ ನೇರವಾಗಿತ್ತು. ಹೋಲಿಕೆಗೆ ತೆಗೆದುಕೊಂಡವರೂ ಆಗಲೇ ಮಲಿನರಾಗಿದ್ದರು ಎಂಬುದೊಂದನ್ನು ಬಿಟ್ಟು.

ಅದನ್ನು ಹೊರಗೆಳೆದವರು ಸೀಸದ ವೈದ್ಯರಲ್ಲ, ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್‌ಸನ್. ಉಲ್ಕಾಶಿಲೆಯೊಳಗಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದವರು ಅವರೇ. ಆ ಕೆಲಸದಲ್ಲಿ ಅವರಿಗೆ ಎದುರಾದ ದೊಡ್ಡ ಕಾಟ ಮಾಲಿನ್ಯ. ಎಷ್ಟು ತೊಳೆದರೂ ಗಾಜಿನಲ್ಲಿ, ನೀರಿನಲ್ಲಿ, ಗಾಳಿಯಲ್ಲಿ, ತಮ್ಮದೇ ತಲೆಗೂದಲಿನಲ್ಲಿ ಸೀಸ. ಹೊರಗಿನ ಧೂಳು ನುಸುಳದ ಪ್ರಯೋಗಾಲಯವನ್ನು ಕಟ್ಟಿಕೊಂಡ ಮೇಲಷ್ಟೇ ಅವರ ಅಳತೆ ಸರಿಯಾಯಿತು. ಆಗ ಮೂಡಿದ ಪ್ರಶ್ನೆಯಿಂದ 1965ರ ಅವರ ಲೇಖನ ಹುಟ್ಟಿತು. ಎಲ್ಲೆಡೆ ಕಾಣುವುದೆಲ್ಲ ಸಹಜವಲ್ಲ, ಅಮೆರಿಕನ್ನರ ಮೈಯಲ್ಲಿರುವ ಸೀಸ ಸಹಜ ಮಟ್ಟದ ಸುಮಾರು ನೂರು ಪಟ್ಟು ಎಂದು ಅವರು ಅಂದಾಜು ಮಾಡಿದರು. 1966ರಲ್ಲಿ ಸೆನೆಟ್ ಸಮಿತಿಯ ಮುಂದೆ ಕೀಹೋ, ಪ್ಯಾಟರ್‌ಸನ್ ಇಬ್ಬರೂ ಹೇಳಿಕೆ ಕೊಟ್ಟರು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ವರದಿ ಕೊಟ್ಟ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯಲ್ಲಿ ಪ್ಯಾಟರ್‌ಸನ್ ಅವರಿಗೆ ಜಾಗ ಸಿಗಲಿಲ್ಲ.

ಇಲ್ಲಿ ಸತ್ಯವೇ ಗೆದ್ದಿತು ಎಂದು ಬರೆದು ಮುಗಿಸುವ ಆಸೆಯಾಗುತ್ತದೆ. ಆದರೆ ನಡೆದದ್ದು ಹಾಗಲ್ಲ. ಅಮೆರಿಕದಲ್ಲಿ ಸೀಸರಹಿತ ಪೆಟ್ರೋಲ್ ಬಂಕ್‌ಗಳಿಗೆ ಬಂದದ್ದು ಮುಖ್ಯವಾಗಿ 1975ರ ಮಾದರಿಯ ಕಾರುಗಳಿಗೆ ವೇಗವರ್ಧಕ ಪರಿವರ್ತಕ ಅಳವಡಿಸಿದ್ದರಿಂದ. ಬೇರೆ ಮಾಲಿನ್ಯ ಕಡಿಮೆ ಮಾಡುವ ಆ ಉಪಕರಣವನ್ನು ಸೀಸ ಕೆಡಿಸುತ್ತಿತ್ತು. ಸೀಸ ಹಾಳುಗೆಡಹುವ ಮಕ್ಕಳ ಮಿದುಳಿಗಾಗಿ ಐವತ್ತು ವರ್ಷ ಆಗದ್ದು ಯಂತ್ರದ ರಕ್ಷಣೆಗಾಗಿ ಆಯಿತು. ಪೆಟ್ರೋಲಿನ ಸೀಸ ಇಳಿಯುತ್ತಿದ್ದಂತೆ ಜನರ ರಕ್ತದ ಸೀಸವೂ ಅದರ ಜೊತೆಜೊತೆಗೇ ಇಳಿಯಿತು. 1976ರಿಂದ 1980ರ ನಡುವಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆ ಇಳಿಕೆ ಕಂಡಾಗಲೇ ಕೀಹೋ ಕೇಳಿದ ಪುರಾವೆ ಕೊನೆಗೂ ಸಿಕ್ಕಿದ್ದು. ವಿಷವನ್ನು ನಿಲ್ಲಿಸದ ಹೊರತು ವಿಷದ ಪುರಾವೆ ಪೂರ್ತಿಯಾಗುವಂತಿರಲಿಲ್ಲ ಎಂದಾಯಿತು. ಸೀಸದ ಪೆಟ್ರೋಲನ್ನು ಕಾರುಗಳಿಗೆ ಮಾರುತ್ತಿದ್ದ ಕೊನೆಯ ದೇಶ ಆಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ.

ಈಗ ಅಮೆರಿಕದ್ದೇ ಇನ್ನೊಂದು ಕಚೇರಿಗೆ ಹೋಗೋಣ. 1960ರ ಸೆಪ್ಟೆಂಬರ್. ಆಹಾರ ಮತ್ತು ಔಷಧ ಆಡಳಿತಕ್ಕೆ ಸೇರಿ ಒಂದು ತಿಂಗಳಷ್ಟೇ ಆಗಿದ್ದ ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆಯ ಅರ್ಜಿ ಬಂತು. ಜರ್ಮನಿಯಲ್ಲಿ 1957ರಿಂದಲೇ ಮಾರಾಟದಲ್ಲಿತ್ತು, ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದರು. ಹೊಸಬರಿಗೆ ಸುಲಭದ ಕಡತ ಎಂದುಕೊಂಡೇ ಕೊಟ್ಟಿದ್ದರು. ಅರವತ್ತು ದಿನಗಳಲ್ಲಿ ಆಕ್ಷೇಪ ಬಾರದಿದ್ದರೆ ಔಷಧ ತಾನಾಗಿಯೇ ಮಾರುಕಟ್ಟೆಗೆ ಹೋಗಬಹುದಾಗಿದ್ದ ಕಾಲ ಅದು. ಕೆಲ್ಸಿ ಪ್ರತಿ ಬಾರಿ ಗಡುವಿಗೆ ಮುಂಚೆ ಕಡತವನ್ನು ವಾಪಸ್ ಕಳುಹಿಸಿದರು: ಮಾಹಿತಿ ಸಾಲದು, ನರಗಳ ಮೇಲೆ ಪರಿಣಾಮವಿದೆಯೆಂದು ವರದಿಯಾಗಿದೆ, ಅದಕ್ಕೆ ವಿವರಣೆ ಕೊಡಿ, ಗರ್ಭದ ಮೇಲೆ ಏನಾಗುತ್ತದೆಂದು ತೋರಿಸಿ. ಕಂಪನಿಯವರು ಮತ್ತೆ ಮತ್ತೆ ಒತ್ತಡ ಹಾಕಿದರು. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಔಷಧವನ್ನು ಹಿಂತೆಗೆದುಕೊಂಡಾಗ ಕಾರಣ ಜಗತ್ತಿಗೆ ತಿಳಿಯಿತು. ಕೈಕಾಲು ಬೆಳೆಯದ, ಅಂಗ ಊನವಾದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು.

ಕೆಲ್ಸಿ ಅವರನ್ನು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ. ಥಾಲಿಡೊಮೈಡ್ ಅಪಾಯಕಾರಿ ಎಂದು ಅವರು ಸಾಬೀತುಪಡಿಸಲಿಲ್ಲ. ಸಾಬೀತುಪಡಿಸುವ ಅಗತ್ಯವೂ ಅವರಿಗಿರಲಿಲ್ಲ. ಆ ಮೇಜಿನಲ್ಲಿ ರುಜುವಾತಿನ ಹೊಣೆ ಎದುರಿನ ಕುರ್ಚಿಯಲ್ಲಿದ್ದವರದು. ಕೀಹೋ ಅವರ ನಿಯಮವನ್ನು ಆ ಕಚೇರಿಗೆ ತಂದು ಹಾಕಿ ನೋಡಿ: ಹಾನಿ ತೋರಿಸಿದರೆ ಮಾತ್ರ ನಿಲ್ಲಿಸುತ್ತೇವೆ ಎಂದಿದ್ದರೆ ಅರ್ಜಿ ಮೊದಲ ಅರವತ್ತು ದಿನಗಳಲ್ಲೇ ಪಾಸಾಗುತ್ತಿತ್ತು. ಕೆಲ್ಸಿ ಅವರ ನಿಯಮವನ್ನು 1925ರ ಸಭೆಗೆ ಒಯ್ದಿದ್ದರೆ ಸೀಸ ಆ ಬಾಟಲಿಯಲ್ಲೇ ಉಳಿಯುತ್ತಿತ್ತು. ಎರಡು ಕಡೆಯೂ ಕೈಯಲ್ಲಿದ್ದ ವಿಜ್ಞಾನ ಅರೆಬರೆಯದೇ. ಸಂಶಯದ ಲಾಭ ಯಾರಿಗೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಈ ವ್ಯತ್ಯಾಸ ಕಾನೂನುಗಳಲ್ಲಿ ಈಗಲೂ ಗಟ್ಟಿಯಾಗಿ ಕೂತಿದೆ. ಔಷಧವಾದರೆ ತಯಾರಕರು ಮೊದಲು ತೋರಿಸಬೇಕು. ಅದೇ ರಾಸಾಯನಿಕ ಬಣ್ಣದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಬಂದರೆ ಲೆಕ್ಕವೇ ಬೇರೆ. ಅಮೆರಿಕದ 1976ರ ವಿಷಕಾರಿ ವಸ್ತುಗಳ ಕಾಯ್ದೆ ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಟ್ಟುಕೊಂಡಿತು. ಐರೋಪ್ಯ ಒಕ್ಕೂಟ 2007ರಲ್ಲಿ ಹೊಣೆಯನ್ನು ತಿರುಗಿಸಿ, ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ ಎಂದಿತು. ಎರಡೂ ಕಡೆ ಓದುವುದು ಒಂದೇ ರಸಾಯನ ವಿಜ್ಞಾನ.

ಸರಿ, ಇನ್ನಷ್ಟು ಸಂಶೋಧನೆ ಮಾಡಿದರೆ ಈ ಗೊಂದಲ ತೀರುವುದಿಲ್ಲವೇ ಎಂದು ಕೇಳಬಹುದು. ಕೆಲವು ಕಡೆ ತೀರುತ್ತದೆ. ಕೆಲವು ಕಡೆ ಎಂದಿಗೂ ತೀರುವುದಿಲ್ಲ. ಅಮೆರಿಕದ ಅಣು ಸಂಶೋಧನೆಯ ಓಕ್ ರಿಜ್ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಆಲ್ವಿನ್ ವೈನ್‌ಬರ್ಗ್ 1972ರಲ್ಲಿ ಒಂದು ಲೆಕ್ಕ ಕೊಟ್ಟರು. ಅತಿ ಕಡಿಮೆ ವಿಕಿರಣದಿಂದ, ಅಂದರೆ 150 ಮಿಲಿರೆಮ್‌ನಿಂದ, ಇಲಿಗಳ ಆನುವಂಶಿಕ ವ್ಯತ್ಯಯ ಶೇ 0.5ರಷ್ಟು ಹೆಚ್ಚಬಹುದೆಂಬ ಊಹೆಯಿದೆ. ಅದನ್ನು ನೇರ ಪ್ರಯೋಗದಿಂದ ಶೇ 95ರ ವಿಶ್ವಾಸದಲ್ಲಿ ಖಚಿತಪಡಿಸಲು ಎಷ್ಟು ಇಲಿ ಬೇಕು? 800 ಕೋಟಿ. ಶೇ 60ರ ವಿಶ್ವಾಸ ಸಾಕೆಂದರೂ 19.5 ಕೋಟಿ. ವಿಜ್ಞಾನದ ಭಾಷೆಯಲ್ಲಿ ಕೇಳಬಹುದಾದ, ಆದರೆ ವಿಜ್ಞಾನ ಉತ್ತರಿಸಲಾರದ ಪ್ರಶ್ನೆಗಳಿವೆ ಎಂಬುದು ಅವರ ಮಾತಿನ ಸಾರ. ಅವರು ಅಣುಶಕ್ತಿಯ ವಿರೋಧಿಯೇನಲ್ಲ, ಬದುಕಿಡೀ ಅದರ ಪರ ನಿಂತವರು. ಇಂಥ ಪ್ರಶ್ನೆಯ ಮುಂದೆ ನಿಂತು ಮೊದಲು ಸಾಬೀತುಪಡಿಸಿ ಎನ್ನುವವರು, ಯಾವ ಕಡೆಯವರೇ ಆಗಿರಲಿ, ಪುರಾವೆ ಕೇಳುತ್ತಿಲ್ಲ. ತೀರ್ಪನ್ನೇ ಬರೆದುಕೊಂಡು ಬಂದಿದ್ದಾರೆ. 800 ಕೋಟಿ ಇಲಿಗಳನ್ನು ತರಬೇಕಾದ ಪಕ್ಷ ಸೋಲುವುದು ಮೊದಲೇ ನಿಶ್ಚಯ.

ಈ ಗುಟ್ಟು ತಂಬಾಕು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. ಸಂಶಯವೇ ನಮ್ಮ ಉತ್ಪನ್ನ ಎಂದು 1969ರಲ್ಲಿ ಅಂಥ ಒಂದು ಕಂಪನಿಯ ಆಂತರಿಕ ಟಿಪ್ಪಣಿಯಲ್ಲೇ ಬರೆದುಕೊಂಡಿದ್ದರು. ಅವರಿಗೆ ಗೆಲ್ಲುವ ವಾದ ಬೇಕಿರಲಿಲ್ಲ. ಹಾನಿ ತೋರಿಸುವ ಹೊಣೆ ಎದುರು ಪಕ್ಷದ ಮೇಲಿರುವವರೆಗೆ ಪಂದ್ಯ ಡ್ರಾ ಆದರೂ ಸಾಕಿತ್ತು.

ಹಾಗಾದರೆ ಎಲ್ಲ ಕಡೆಯೂ ಕೆಲ್ಸಿ ಅವರ ನಿಯಮವನ್ನೇ ಹಾಕಿಬಿಡೋಣ, ಸುರಕ್ಷಿತವೆಂದು ತೋರಿಸುವವರೆಗೆ ಯಾವುದೂ ಬೇಡ. ಕೇಳಲು ಹಿತವಾಗಿದೆ. ಆದರೆ ಎಚ್ಚರಿಕೆಗೂ ಬಲಿಗಳಿವೆ, ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಅಷ್ಟೇ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಹೊಸ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ ಎಂದು ಎಚ್ಚರಿಕೆ ಕೊಟ್ಟಿತು. ಮಾತು ನಿಜ. 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಆದರೆ ಸುದ್ದಿಯಲ್ಲಿ ಓಡಾಡಿದ್ದು ಶೇ 100 ಹೆಚ್ಚಳ ಎಂಬ ಮಾತು. ಗಾಬರಿಬಿದ್ದು ಮಾತ್ರೆ ಬಿಟ್ಟವರು ಬಹಳ. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು ಎಂಬುದು ಇದರೊಳಗಿನ ಕ್ರೂರ ವಿನೋದ.

ಫುಕುಶಿಮಾವನ್ನೂ ಇಲ್ಲಿಯೇ ನೆನೆಯಬೇಕು. 2011ರ ಮಾರ್ಚ್‌ನಲ್ಲಿ ಅಣುಸ್ಥಾವರ ಕರಗಿದಾಗ ಒಂದೂವರೆ ಲಕ್ಷದಷ್ಟು ಜನ ಮನೆ ಬಿಟ್ಟರು. ಹಾಸಿಗೆ ಹಿಡಿದಿದ್ದ ವೃದ್ಧರನ್ನು ಆಸ್ಪತ್ರೆ, ವೃದ್ಧಾಶ್ರಮಗಳಿಂದ ಎಬ್ಬಿಸಿ ಬಸ್ಸುಗಳಲ್ಲಿ ಸಾಗಿಸಿದರು. ಆ ಪ್ರಾಂತ್ಯದಲ್ಲಿ ಅಲೆದಾಟ, ಆರೈಕೆ ಸಿಗದಿರುವುದು, ಒತ್ತಡ ಇಂಥ ಕಾರಣಗಳಿಂದ ಸತ್ತವರೆಂದು ಸರ್ಕಾರವೇ ಲೆಕ್ಕಕ್ಕೆ ಹಿಡಿದವರು ಎರಡು ಸಾವಿರಕ್ಕೂ ಹೆಚ್ಚು. ವಿಕಿರಣದಿಂದ ಸತ್ತವರೆಂದು ಜಪಾನ್ ಸರ್ಕಾರ 2018ರಲ್ಲಿ ಒಪ್ಪಿಕೊಂಡದ್ದು ಸ್ಥಾವರದ ಒಬ್ಬ ಕೆಲಸಗಾರನ ಸಾವನ್ನು. ಸ್ಥಳಾಂತರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ರಾತ್ರಿ ಅಲ್ಲಿ ಕೂತು ನಿರ್ಧರಿಸಬೇಕಾದವರ ಕೈಯಲ್ಲಿ ಈ ಅಂಕಿಗಳಿರಲಿಲ್ಲ. ಆದರೆ ಎಚ್ಚರ ವಹಿಸೋಣ ಎನ್ನುವುದು ಖರ್ಚಿಲ್ಲದ ಆಯ್ಕೆ ಎಂದು ನಂಬಿದವರು ಆ ಬಸ್ಸುಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಲಿ.

ಅಂಕಿಗಳನ್ನು ಸರಿಯಾಗಿ ಓದಲು ಕಲಿಸಿದರೆ ಜನ ಒಂದು ತೀರ್ಮಾನಕ್ಕೆ ಬರುತ್ತಾರೆ ಎಂಬುದು ಓದಿದವರ ಅಚ್ಚುಮೆಚ್ಚಿನ ನಂಬಿಕೆ. ನನ್ನದೂ ಆಗಿತ್ತು. ಯೇಲ್‌ನ ಡಾನ್ ಕಹಾನ್ ಮತ್ತು ಸಂಗಡಿಗರು 1,100ಕ್ಕೂ ಹೆಚ್ಚು ಅಮೆರಿಕನ್ನರ ಮುಂದೆ ಒಂದು ಪುಟ್ಟ ಲೆಕ್ಕ ಇಟ್ಟರು. ನೀವೂ ಮಾಡಿ ನೋಡಿ. ಚರ್ಮದ ಗುಳ್ಳೆಗೆ ಹೊಸ ಮುಲಾಮು ಬಂದಿದೆ. ಹಚ್ಚಿಕೊಂಡವರಲ್ಲಿ 223 ಮಂದಿಗೆ ಗುಣವಾಯಿತು, 75 ಮಂದಿಗೆ ಹೆಚ್ಚಾಯಿತು. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ಗುಣವಾಯಿತು, 21 ಮಂದಿಗೆ ಹೆಚ್ಚಾಯಿತು. ಮುಲಾಮು ಕೆಲಸ ಮಾಡುತ್ತದೆಯೇ?

223 ಕಣ್ಣಿಗೆ ರಾಚುತ್ತದೆ, ಹೌದು ಎನ್ನಿಸುತ್ತದೆ. ಹೆಚ್ಚಿನವರು ಅಲ್ಲೇ ಎಡವಿದರು. ಭಾಗಿಸಿ ನೋಡಿ: ಹಚ್ಚಿಕೊಂಡ 298 ಜನರಲ್ಲಿ ಗುಣವಾದವರು ಸುಮಾರು ಶೇ 75, ಹಚ್ಚಿಕೊಳ್ಳದ 128 ಜನರಲ್ಲಿ ಸುಮಾರು ಶೇ 84. ಮುಲಾಮು ಹಚ್ಚದಿರುವುದೇ ಮೇಲು. ಲೆಕ್ಕದಲ್ಲಿ ಚುರುಕಿರುವವರು ಇದನ್ನು ಹೆಚ್ಚಾಗಿ ಸರಿಯಾಗಿಯೇ ಬಿಡಿಸಿದರು. ಆಮೇಲೆ ಇನ್ನು ಕೆಲವರಿಗೆ ಅದೇ ಸಂಖ್ಯೆಗಳನ್ನೇ ಕೊಟ್ಟರು, ಮೇಲಿನ ಶೀರ್ಷಿಕೆ ಮಾತ್ರ ಬೇರೆ. ಮುಲಾಮಿನ ಬದಲು, ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿದ ನಗರಗಳಲ್ಲಿ ಅಪರಾಧ ಹೆಚ್ಚಿತೇ ಇಳಿಯಿತೇ ಎಂದು. ಈಗ ಲೆಕ್ಕದ ಚುರುಕು ಅರ್ಧ ಮಾತ್ರ ಕೆಲಸಕ್ಕೆ ಬಂತು. ತಮ್ಮ ರಾಜಕೀಯ ಪಕ್ಷಕ್ಕೆ ಒಗ್ಗುವ ಉತ್ತರ ಬಂದಾಗ ಚುರುಕಿನವರು ಸರಿ ಬಿಡಿಸಿದರು, ಒಗ್ಗದಿದ್ದಾಗ ಎಡವಿದರು. ಎರಡು ಪಕ್ಷಗಳ ನಡುವಿನ ಅಂತರ ಲೆಕ್ಕ ಬಾರದವರಿಗಿಂತ ಲೆಕ್ಕ ಬಲ್ಲವರಲ್ಲೇ ಹೆಚ್ಚಾಗಿತ್ತು. ಈ ಪ್ರಯೋಗವನ್ನು ಆಮೇಲೆ ಮತ್ತೆ ಮಾಡಿದವರೆಲ್ಲರಿಗೂ ಇಷ್ಟೇ ಬಲವಾದ ಫಲಿತಾಂಶ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನನಗೆ ಒಗ್ಗುವ ಅಂಕಿಯನ್ನು ನಾನೇ ಆರಿಸಿಕೊಂಡಂತಾಗುತ್ತದೆ.

ಇದನ್ನು ಜನರ ದಡ್ಡತನ, ಪಕ್ಷಪಾತ ಎಂದು ಓದುವವರಿದ್ದಾರೆ. ನನಗೆ ಇದರಲ್ಲಿ ರುಜುವಾತಿನ ಹೊಣೆಯೇ ಕಾಣುತ್ತದೆ. ಬೇಕಾದ ಉತ್ತರ ಬಂದರೆ ಮನಸ್ಸು ಇದನ್ನು ನಂಬಬಹುದೇ ಎಂದು ಕೇಳಿ ಸುಮ್ಮನಾಗುತ್ತದೆ. ಬೇಡದ ಉತ್ತರ ಬಂದರೆ ಇದನ್ನು ನಂಬಲೇಬೇಕೇ ಎಂದು ಕೇಳಿ ಹುಡುಕಾಟಕ್ಕೆ ಇಳಿಯುತ್ತದೆ. ಲೆಕ್ಕ ಬಲ್ಲವರಿಗೆ ಆ ಹುಡುಕಾಟಕ್ಕೆ ಸಲಕರಣೆ ಜಾಸ್ತಿ. ಒಳಗಿನ ನ್ಯಾಯಾಧೀಶರು ಪಕ್ಷಕ್ಕೊಂದು ನಿಯಮ ಇಟ್ಟುಕೊಂಡಿದ್ದಾರೆ, ಅದು ಅವರಿಗೇ ಗೊತ್ತಿಲ್ಲ.

ತಜ್ಞ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ, ಇದು ಸತ್ಯಾಂಶ ಎಂದು ಸಾರಿತು. ಕೆಮ್ಮು, ಸೀನಿನ ದೊಡ್ಡ ಹನಿಗಳು ಒಂದೆರಡು ಮೀಟರ್‌ನೊಳಗೆ ನೆಲಕ್ಕೆ ಬೀಳುತ್ತವೆ, ಕೈ ತೊಳೆಯಿರಿ, ದೂರ ನಿಲ್ಲಿ ಎಂಬುದು ಆಗಿನ ಉಪದೇಶ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಬಗ್ಗೆ ಎಚ್ಚರಿಸಿದ ಭೌತವಿಜ್ಞಾನಿಗಳಿಗೆ, ಎಂಜಿನಿಯರುಗಳಿಗೆ ಸಿಕ್ಕ ಉತ್ತರ: ಖಚಿತ ಪುರಾವೆ ಕೊಡಿ. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆಯಬೇಕಾಯಿತು. ದೊಡ್ಡ ಹನಿಗಳೇ ಮುಖ್ಯ ದಾರಿ ಎಂಬುದಕ್ಕೆ ಅಷ್ಟೇ ಖಚಿತವಾದ ಪುರಾವೆಯನ್ನು ಯಾರೂ ಕೇಳಿರಲಿಲ್ಲ. ಅದು ಮೊದಲಿನಿಂದ ಕುರ್ಚಿಯಲ್ಲಿ ಕೂತಿದ್ದ ನಂಬಿಕೆ. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂಬ ಹತ್ತೊಂಬತ್ತನೆಯ ಶತಮಾನದ ಸಿದ್ಧಾಂತವನ್ನು ಓಡಿಸಲು ಹೆಣಗಿದ ಸಾರ್ವಜನಿಕ ಆರೋಗ್ಯ ತಜ್ಞರು, ಗಾಳಿ ಎಂಬ ಮಾತು ಕೇಳಿದರೇ ಮೂಢನಂಬಿಕೆಯ ವಾಸನೆ ಹಿಡಿಯುವುದನ್ನು ರೂಢಿಸಿಕೊಂಡಿದ್ದರು. ಕಿಟಕಿ ತೆರೆಯುವುದಕ್ಕೆ ಎಷ್ಟು ಪುರಾವೆ ಬೇಕು? ತೆರೆದು ತಪ್ಪಾದರೆ ಆಗುವ ನಷ್ಟ ಎಷ್ಟು, ಮುಚ್ಚಿಟ್ಟು ತಪ್ಪಾದರೆ ಎಷ್ಟು? ಈ ತೂಗಾಟ ನಡೆಯಲೇ ಇಲ್ಲ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ತಪ್ಪು ಅದು. ವಿಜ್ಞಾನ ತಪ್ಪಿದ್ದಕ್ಕಿಂತ, ಕಿಟಕಿಗೂ ಹೊಸ ಔಷಧಕ್ಕೂ ಒಂದೇ ದರ್ಜೆಯ ಪುರಾವೆ ಕೇಳಿದ್ದು ಹೆಚ್ಚು ದುಬಾರಿಯಾಯಿತು.

ಕಳೆನಾಶಕ ಗ್ಲೈಫೊಸೇಟ್ ಕುರಿತ ಜಗಳದಲ್ಲಿ ಎರಡೂ ಕಡೆಯವರು ಒಂದೊಂದು ಸಂಸ್ಥೆಯನ್ನು ಬೆನ್ನಿಗಿಟ್ಟುಕೊಂಡಿರುವುದಕ್ಕೂ ಇಂಥದ್ದೇ ಕಾರಣವಿದೆ. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದಿತು. ಅದೇ ವರ್ಷ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗಿರುವ ಸಂಭವ ಕಡಿಮೆ ಎಂದಿತು. ಒಂದು ಸಂಸ್ಥೆ ಕೇಳಿದ್ದು ಯಾವುದಾದರೂ ಪ್ರಮಾಣದಲ್ಲಿ ಇದಕ್ಕೆ ಆ ಗುಣವಿದೆಯೇ ಎಂದು. ಇನ್ನೊಂದರ ಕೆಲಸ ಜನ ನಿಜವಾಗಿ ಸೇವಿಸುವ ಮಟ್ಟದಲ್ಲಿ ಅಪಾಯವೆಷ್ಟೆಂದು ಹೇಳುವುದು. ಎರಡೂ ನೋಡಿದ ಅಧ್ಯಯನಗಳ ಪಟ್ಟಿಯೂ ಪೂರ್ತಿ ಒಂದೇ ಆಗಿರಲಿಲ್ಲ. ಹಾವಿಗೆ ವಿಷವಿದೆಯೇ ಎಂಬ ಪ್ರಶ್ನೆ ಬೇರೆ, ಗಾಜಿನ ಪೆಟ್ಟಿಗೆಯಲ್ಲಿರುವ ಹಾವು ಕಚ್ಚುತ್ತದೆಯೇ ಎಂಬುದು ಬೇರೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. 2024ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ಒಂದು ಮಸೂದೆ ಪಾಸು ಮಾಡಿತ್ತು. ತರಬೇತಿಗೆ ಹತ್ತು ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗುವ ಅತಿ ದೊಡ್ಡ ಮಾದರಿಗಳ ತಯಾರಕರು, ಅವುಗಳಿಂದ ಭಾರಿ ಅನಾಹುತವಾಗದಂತೆ ಮೊದಲೇ ಎಚ್ಚರ ವಹಿಸಿ ಸುರಕ್ಷತಾ ಯೋಜನೆ ರೂಪಿಸಬೇಕು, ಬೇಕಾದಾಗ ಪೂರ್ತಿ ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂಬುದು ಅದರ ತಿರುಳು. ರಾಜ್ಯಪಾಲ ಗೇವಿನ್ ನ್ಯೂಸಮ್ ಸೆಪ್ಟೆಂಬರ್ 29ರಂದು ಅದನ್ನು ತಿರಸ್ಕರಿಸಿದರು. ಸರಿಯಾಗಿ ಒಂದು ವರ್ಷದ ನಂತರ ಅವರೇ ಸಹಿ ಹಾಕಿದ ಇನ್ನೊಂದು ಕಾಯ್ದೆಯಲ್ಲಿ ಒತ್ತು ಇರುವುದು ಬಹಿರಂಗಪಡಿಸುವುದರ ಮೇಲೆ: ಸುರಕ್ಷತಾ ನೀತಿಯನ್ನು ಪ್ರಕಟಿಸಿ, ಗಂಭೀರ ಘಟನೆಯಾದರೆ ತಿಳಿಸಿ. ಎರಡರ ನಡುವೆ ಕೃತಕ ಬುದ್ಧಿಮತ್ತೆಯ ಅಪಾಯದ ಬಗ್ಗೆ ತೀರ್ಮಾನವಾಗುವಂಥ ಪುರಾವೆಯೇನೂ ಹೊರಬಿದ್ದಿರಲಿಲ್ಲ. ಹೊಣೆ ಯಾರ ಕಡೆ ಎಷ್ಟು ವಾಲಬೇಕು ಎಂಬ ಹಗ್ಗಜಗ್ಗಾಟದಲ್ಲಿ ಹಗ್ಗ ಸ್ವಲ್ಪ ಸರಿಯಿತು. ಐರೋಪ್ಯ ಒಕ್ಕೂಟದಲ್ಲಿ 2024ರ ಆಗಸ್ಟ್ 1ರಂದು ಜಾರಿಗೆ ಬಂದ ಕಾಯ್ದೆ, ಬಳಕೆಯ ಅಪಾಯ ಹೆಚ್ಚಿದಷ್ಟೂ ತಯಾರಕರ ಹೊಣೆ ಹೆಚ್ಚಬೇಕು ಎಂಬ ಏಣಿಯನ್ನು ಕಟ್ಟಿದೆ.

ಹೊಸ ತಂತ್ರಜ್ಞಾನ ಎಳೆಯದಾಗಿದ್ದಾಗ ಅದನ್ನು ಬಗ್ಗಿಸುವುದು ಸುಲಭ, ಆದರೆ ಯಾವ ಕಡೆ ಬಗ್ಗಿಸಬೇಕೆಂದು ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಮರವಾಗಿರುತ್ತದೆ. ಬ್ರಿಟಿಷ್ ವಿದ್ವಾಂಸ ಡೇವಿಡ್ ಕಾಲಿಂಗ್ರಿಡ್ಜ್ 1980ರಲ್ಲಿ ಈ ಇಕ್ಕಟ್ಟನ್ನು ವಿವರಿಸಿದರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಗೆ ಅದಕ್ಕಿಂತ ವಯಸ್ಸು ಹೆಚ್ಚು. ಆದರೆ ಗಿಡ ಯಾವ ಮರವಾಗುತ್ತದೆಂದು ತಿಳಿಯದ ಸಂಕಟವನ್ನು ಗಾದೆ ಹೇಳುವುದಿಲ್ಲ.

ಹಾಗಾಗಿ ಈಗೀಗ ಇಂಥ ಚರ್ಚೆಯಲ್ಲಿ ಸಿಕ್ಕಿಬಿದ್ದಾಗ ನಾನು ಅಧ್ಯಯನದ ಕೊಂಡಿ ಕೇಳುವ ಮೊದಲು ಬೇರೆಯದನ್ನು ಕೇಳುತ್ತೇನೆ. ನಿಮ್ಮ ಮಾತು ತಪ್ಪೆಂದು ಆಮೇಲೆ ತಿಳಿದರೆ ಅದರ ಬೆಲೆ ತೆರುವವರು ಯಾರು? ಆಗ ವಾಪಸ್ ಬರಲು ದಾರಿ ಇದೆಯೇ? ಎಷ್ಟು ಪುರಾವೆ ಬಂದರೆ ನೀವು ಮನಸ್ಸು ಬದಲಿಸುತ್ತೀರಿ, ಮತ್ತು ಎದುರು ಪಕ್ಷದವರಿಂದಲೂ ಅಷ್ಟನ್ನೇ ಕೇಳುತ್ತೀರಾ? ಇದರಿಂದ ಜಗಳ ನಿಲ್ಲುವುದಿಲ್ಲ. ಹಲವು ಸಲ ಜೋರಾಗುತ್ತದೆ. ಸೀಸದ ವಿಷಯದಲ್ಲಿ ಈ ಪ್ರಶ್ನೆಗಳನ್ನು 1925ರಲ್ಲೇ ಹೆಂಡರ್ಸನ್, ಹ್ಯಾಮಿಲ್ಟನ್ ಕೇಳಿದ್ದರು, ಉತ್ತರ ಸಿಕ್ಕಿರಲಿಲ್ಲ.

ಅಂದಹಾಗೆ ಆ ಕತೆ ಪೂರ್ತಿ ಮುಗಿದಿಲ್ಲ. ಕಾರುಗಳಿಂದ ಸೀಸ ಹೋಯಿತು, ಆದರೆ ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನಗಳ ಪೆಟ್ರೋಲಿನಲ್ಲಿ ಅದು ಉಳಿದುಕೊಂಡಿತು. ಅಮೆರಿಕದ ಗಾಳಿಗೆ ಇವತ್ತು ಸೇರುವ ಸೀಸದಲ್ಲಿ ಬಹುಪಾಲು ಅಲ್ಲಿಂದಲೇ. ಅದು ಅಪಾಯವೆಂದು ಘೋಷಿಸಿ ಎಂದು ಪರಿಸರ ಸಂಘಟನೆಯೊಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟದ್ದು 2006ರಲ್ಲಿ. ಸಂಸ್ಥೆ ಹೌದು, ಅಪಾಯವೆಂದು ಅಂತಿಮವಾಗಿ ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಆ ಹದಿನೇಳು ವರ್ಷಗಳಲ್ಲಿ ಸೀಸ ವಿಷವೇ ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಈಗಲೂ ಆ ಘೋಷಣೆಯಿಂದ ಇಂಧನ ನಿಷೇಧವಾಗಿಲ್ಲ. ಬದಲಿ ಇಂಧನಕ್ಕೆ ಹೊರಳಲು ಇಟ್ಟುಕೊಂಡಿರುವ ಗುರಿ 2030ರ ಕೊನೆ. ಅಲ್ಲಿಯವರೆಗೆ ಆ ವಿಮಾನಗಳು ಮನೆಗಳ ಮೇಲೆ, ಶಾಲೆಗಳ ಮೇಲೆ ಹಾರಾಡುತ್ತಿರುತ್ತವೆ, ಟ್ಯಾಂಕಿನಲ್ಲಿ ಮಿಜ್ಲಿ ಅಂದು ಕೈ ತೊಳೆದುಕೊಂಡ ದ್ರವದ ಒಂದಿಷ್ಟು ಹನಿಗಳೊಂದಿಗೆ.